ಬಾಸೆಲ್ ಮಿಷನ್‌ನ ಇನ್ನೊಂದು ಮನೆ: ಹಕ್ಕಾ ಜನರ ನಡುವೆ

ಮಂಗಳೂರಿನ ನಮ್ಮ ಸಭೆಯ ಶನಿವಾರದ ಕೂಟದಲ್ಲಿ ಆಡಿದ ಮಾತುಗಳಿವು. ಯುವಕ ಸಂಘದವರು ಬರೆದು ಕೊಡಿ ಎಂದು ಕೇಳಿದರು. ಆಡಿದ ಹಾಗೆಯೇ ಬರೆದಿದ್ದೇನೆ. ಕೊನೆಯಲ್ಲಿ ಬಂದ ಒಂದು ಪ್ರಶ್ನೆಯನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

1847ನೇ ಇಸವಿಯಿಂದ ಶುರು ಮಾಡುತ್ತೇನೆ. ಆ ವರ್ಷ ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ತುಳು ಭಾಷೆಯ ಹೊಸ ಒಡಂಬಡಿಕೆ ಅಚ್ಚಾಯಿತು. ಕಲ್ಲಚ್ಚಿನಲ್ಲಿ, ಕನ್ನಡ ಲಿಪಿಯಲ್ಲಿ. ಅದೇ ವರ್ಷದ ಮಾರ್ಚ್‌ನಲ್ಲಿ ಹಾಂಗ್‌ಕಾಂಗ್ ಬಂದರಿನಲ್ಲಿ ಇಬ್ಬರು ಯುವಕರು ಹಡಗಿನಿಂದ ಇಳಿದರು. ಒಬ್ಬರು ಸ್ವೀಡನ್‌ನ ಥಿಯೊಡೋರ್ ಹ್ಯಾಂಬರ್ಗ್. ಇನ್ನೊಬ್ಬರು ಜರ್ಮನಿಯ ರುಡಾಲ್ಫ್ ಲೆಖ್ಲರ್. ಇಬ್ಬರಿಗೂ ಇನ್ನೂ ಮೂವತ್ತು ತುಂಬಿರಲಿಲ್ಲ.

ಇವರನ್ನು ಕಳುಹಿಸಿದವರು ಯಾರು ಗೊತ್ತಾ? ಬಾಸೆಲ್ ಮಿಷನ್. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಮೂವರನ್ನು ನಮ್ಮ ಕರಾವಳಿಗೆ ಕಳುಹಿಸಿದ, ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ಅದೇ ಕ್ರೈಸ್ತ ಸಂಸ್ಥೆ. ನನ್ನ ಅಜ್ಜ ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಹಾಗಾಗಿ ‘ಬಾಸೆಲ್’ ಎಂಬ ಹೆಸರು ನಮ್ಮ ಮನೆಯಲ್ಲಿ ದಿನಾ ಕೇಳುತ್ತಿದ್ದದ್ದೇ. ಹಂಚು, ಪ್ರೆಸ್ಸು, ನೇಯ್ಗೆ, ಕಿಟ್ಟೆಲರ ನಿಘಂಟು, ಇಷ್ಟೇ ಬಾಸೆಲ್ ಅಂದುಕೊಂಡು ಬೆಳೆದವನು ನಾನು. ಇದೇ ಮಿಷನ್ನಿಗೆ ಚೀನಾದಲ್ಲಿ ಇನ್ನೊಂದು ಮನೆ ಇತ್ತು ಎಂದು ನನಗೆ ಯಾರೂ ಹೇಳಿರಲಿಲ್ಲ. ನಿಮ್ಮಲ್ಲೂ ಜಾಸ್ತಿ ಜನಕ್ಕೆ ಗೊತ್ತಿರಲಿಕ್ಕಿಲ್ಲ.

ಆ ಮನೆ ಇದ್ದದ್ದು ಹಕ್ಕಾ ಜನರ ನಡುವೆ. ಹಕ್ಕಾ ಎಂದ ಕೂಡಲೇ ಮಕ್ಕಳಿಗೆ ನೂಡಲ್ಸ್ ನೆನಪಾಯಿತು, ಅಲ್ವಾ? ಸರಿಯೇ. ಕೋಲ್ಕತ್ತಾದಲ್ಲಿ ನೆಲೆಸಿದ ಹಕ್ಕಾ ಚೀನೀಯರಿಂದಲೇ ಆ ಹೆಸರು ನಮ್ಮ ಹೋಟೆಲುಗಳಿಗೆ ಬಂದದ್ದು. ಆ ಮಾತಿಗೆ ಆಮೇಲೆ ಬರುತ್ತೇನೆ.

ಹಕ್ಕಾ ಎಂದರೆ ‘ಅತಿಥಿ ಮನೆತನದವರು’. ಕೇಳಲಿಕ್ಕೆ ಚಂದದ ಹೆಸರು. ಆದರೆ ಅದರ ಅರ್ಥ ‘ನೀವು ಇಲ್ಲಿಯವರಲ್ಲ’ ಎಂದು. ಇವರ ಹಿರಿಯರು ಉತ್ತರದಿಂದ ತಲೆಮಾರುಗಟ್ಟಲೆ ವಲಸೆ ಬಂದು ದಕ್ಷಿಣದ ಗ್ವಾಂಗ್‌ಡಾಂಗ್ ಪ್ರಾಂತ್ಯದ ಗುಡ್ಡಗಾಡಿನಲ್ಲಿ ನೆಲೆಸಿದವರು. ಒಳ್ಳೆಯ ಗದ್ದೆಯೆಲ್ಲ ಮೊದಲೇ ಇದ್ದವರ ಕೈಯಲ್ಲಿತ್ತು. ಆ ಮೊದಲಿನವರು ತಮ್ಮನ್ನು ಪುಂತಿ, ಅಂದರೆ ‘ಇಲ್ಲಿಯವರು’ ಎಂದು ಕರೆದುಕೊಂಡರು. ನಮ್ಮ ಕಡೆ ಎಷ್ಟು ತಲೆಮಾರು ಕಳೆದರೂ ಕೆಲವರನ್ನು ‘ಘಟ್ಟದವರು’ ಎಂದೇ ಕರೆಯುತ್ತಾರಲ್ಲ, ಹಾಗೆ. 1855ರಿಂದ ಹನ್ನೆರಡು ವರ್ಷ ಇವರಿಬ್ಬರ ನಡುವೆ ನೆಲಕ್ಕಾಗಿ ಘೋರ ಕಾಳಗವೇ ನಡೆಯಿತು. ಊರಿಗೆ ಊರೇ ಸುಟ್ಟುಹೋದವು. ಹಕ್ಕಾ ಹೆಂಗಸರ ಬಗ್ಗೆ ಒಂದು ಮಾತು ಹೇಳಲೇಬೇಕು. ಚೀನಾದ ಬೇರೆ ಕಡೆ ಹೆಣ್ಣುಮಕ್ಕಳ ಪಾದ ಕಟ್ಟಿ ಚಿಕ್ಕದು ಮಾಡುತ್ತಿದ್ದ ಕಾಲ ಅದು. ಹಕ್ಕಾ ಹೆಂಗಸರು ಪಾದ ಕಟ್ಟಿಸಿಕೊಳ್ಳಲಿಲ್ಲ. ಗದ್ದೆಗೆ ಇಳಿದು ಗಂಡಸರ ಸಮ ದುಡಿದರು. ಅದಕ್ಕೂ ಅವರನ್ನು ಉಳಿದವರು ಕೀಳಾಗಿ ನೋಡುತ್ತಿದ್ದರು.

ಹ್ಯಾಂಬರ್ಗ್ ಮತ್ತು ಲೆಖ್ಲರ್ ಅವರನ್ನು ಚೀನಾಕ್ಕೆ ಕರೆಸಿದ್ದು ಕಾರ್ಲ್ ಗುಟ್ಜ್‌ಲಾಫ್ ಎಂಬ ಮಿಷನರಿ. ಚೀನೀ ಭಾಷೆಗಳನ್ನು ನೀರು ಕುಡಿದಂತೆ ಮಾತಾಡುತ್ತಿದ್ದವರು. ಯುರೋಪಿನಲ್ಲಿ ದೊಡ್ಡ ಹೆಸರು. ಹಾಂಗ್‌ಕಾಂಗ್‌ನಲ್ಲಿ ಕೂತು ಇಡೀ ಚೀನಾಕ್ಕೆ ಸುವಾರ್ತೆ ತಲುಪಿಸುತ್ತೇನೆ ಎಂದು 1844ರಲ್ಲಿ ಚೀನೀಯರದ್ದೇ ಒಂದು ಒಕ್ಕೂಟ ಕಟ್ಟಿದರು. ಯೋಜನೆ ಏನೋ ಒಳ್ಳೆಯದೇ. ಚೀನೀಯರಿಗೆ ಚೀನೀಯರೇ ಸಾರಲಿ ಎಂದು ಆ ಕಾಲದಲ್ಲಿ ಯೋಚಿಸಿದವರು ಕಡಿಮೆ. ಅವರು ಆಳುಗಳನ್ನು ನೇಮಿಸಿದರು, ದಾರಿಖರ್ಚು ಕೊಟ್ಟರು, ಹಂಚಲಿಕ್ಕೆ ಪುಸ್ತಕ ಕೊಟ್ಟು ದೂರದ ಪ್ರಾಂತ್ಯಗಳಿಗೆ ಕಳುಹಿಸಿದರು. ಆ ಆಳುಗಳು ತಿರುಗಿ ಬಂದು ದಿನಚರಿ ಒಪ್ಪಿಸುತ್ತಿದ್ದರು. ಇಂಥ ಊರಿಗೆ ಹೋದೆ, ಇಷ್ಟು ಜನ ಕೇಳಿದರು ಎಂದು. ಆ ವರದಿಗಳು ಯುರೋಪಿಗೆ ಹೋಗುತ್ತಿದ್ದವು. ಅಲ್ಲಿನ ಸಭೆಗಳು ಓದಿ ಕಣ್ಣೀರು ಹಾಕಿ ಕಾಣಿಕೆ ಕಳುಹಿಸುತ್ತಿದ್ದವು.

ಹ್ಯಾಂಬರ್ಗ್ ಮಾತ್ರ ಬೇರೆ ಥರದ ಮನುಷ್ಯ. ಅವರು ಮೊದಲು ಭಾಷೆ ಕಲಿಯಲು ಕೂತರು. ಹಕ್ಕಾ ಮಾತನ್ನು ಜನರ ಬಾಯಿಂದಲೇ ಕಲಿತರು. ಕಿವಿ ತೆರೆದುಕೊಂಡ ಮೇಲೆ ಅವರಿಗೆ ಒಂದೊಂದೇ ಸಂಗತಿ ಕೇಳಿಸತೊಡಗಿತು. ದೂರದ ಪ್ರಾಂತ್ಯಕ್ಕೆ ಹೋದೆ ಎಂದವರಲ್ಲಿ ಎಷ್ಟೋ ಜನ ಹಾಂಗ್‌ಕಾಂಗ್ ಆಸುಪಾಸು ಬಿಟ್ಟು ಕದಲಿರಲೇ ಇಲ್ಲ. ದಿನಚರಿ ಸುಮ್ನೆ ಕೂತು ಬರೆದದ್ದು. ಕೆಲವರು ಅಫೀಮು ಸೇದುವವರು. ಹಂಚಲು ಕೊಟ್ಟ ಪುಸ್ತಕಗಳನ್ನು ಅಚ್ಚು ಹಾಕಿದವನಿಗೇ ಮಾರುತ್ತಿದ್ದರು. ಅವನು ಅದನ್ನೇ ಮತ್ತೆ ಗುಟ್ಜ್‌ಲಾಫರಿಗೆ ಹೊಸ ಪುಸ್ತಕ ಎಂದು ಮಾರುತ್ತಿದ್ದ. ಗುಟ್ಜ್‌ಲಾಫ್ ಯುರೋಪಿನ ಊರೂರುಗಳಲ್ಲಿ ಒಕ್ಕೂಟದ ಬಗ್ಗೆ ಭಾಷಣ ಮಾಡುತ್ತಿದ್ದ ಹೊತ್ತಿಗೆ, ಹಾಂಗ್‌ಕಾಂಗ್‌ನಲ್ಲಿ ಅದರ ಉಸ್ತುವಾರಿ ಹ್ಯಾಂಬರ್ಗ್ ಕೈಗೆ ಬಂದಿತ್ತು. ಅವರು ಒಬ್ಬೊಬ್ಬರನ್ನೇ ಕೂರಿಸಿ ವಿಚಾರಿಸಿದರು. ಸತ್ಯ ಹೊರಗೆ ಬಂತು. ಅದನ್ನು ಮುಚ್ಚಿಡದೆ ಬರೆದು ತಿಳಿಸಿದರು.

ಇದನ್ನು ಓದುವಾಗ ನನಗೆ ಬೇಸರವಾಗುವುದು ಆ ಬಡ ಆಳುಗಳ ಮೇಲಲ್ಲ. ಹೊಟ್ಟೆಗಿಲ್ಲದ ಕಾಲದಲ್ಲಿ ಸಂಬಳ ಸಿಕ್ಕಿತು, ತೆಗೆದುಕೊಂಡರು. ಸಂಖ್ಯೆ ಕೇಳಿ ಸಂತೋಷಪಡುವ ನಮ್ಮ ಚಾಳಿ ಇದೆಯಲ್ಲ, ನನಗೆ ನೋವಾಗುವುದು ಅದನ್ನು ನೆನೆದಾಗ. ಎಷ್ಟು ಊರು, ಎಷ್ಟು ತಲೆ, ಎಷ್ಟು ಪುಸ್ತಕ. ದೂರದಿಂದ ಹಣ ಕಳುಹಿಸುವವರು ಅಂಕಿ ಕೇಳುತ್ತಾರೆ. ಹತ್ತಿರದಲ್ಲಿರುವವರು ಅಂಕಿ ಕೊಡುತ್ತಾರೆ. ಇವತ್ತೂ ಇದು ನಿಂತಿಲ್ಲ. ನಾವೂ ಸಭೆಯ ವರದಿ ಬರೆಯುವವರೇ, ನಮಗೆ ಇದು ಗೊತ್ತು.

ಆದರೆ ಅದೇ ಒಕ್ಕೂಟದಿಂದ ಬಂದ ಒಬ್ಬ ಮನುಷ್ಯನ ಕಥೆ ಕೇಳಿ. ಹೆಸರು ಝಾಂಗ್ ಫೂಶಿಂಗ್. ಹಕ್ಕಾ ಸೀಮೆಯ ಒಳಗೆ, ಗುಡ್ಡಗಳ ನಡುವಿನ ವೂಹುವಾ ಎಂಬ ಕಡೆಯವರು. ಹ್ಯಾಂಬರ್ಗ್ ಜೊತೆ ಇದ್ದು ನಿಜವಾಗಿಯೂ ನಂಬಿದವರು. 1852ರಲ್ಲಿ ತಮ್ಮೂರಿಗೆ ತಿರುಗಿ ಹೋದರು. ಅಲ್ಲಿಗೆ ಯಾವ ಮಿಷನರಿಯೂ ಕಾಲಿಟ್ಟಿರಲಿಲ್ಲ. ವಿದೇಶಿಯರು ಒಳನಾಡಿಗೆ ಹೋಗುವುದಕ್ಕೆ ಆಗ ಅನುಮತಿಯೇ ಇರಲಿಲ್ಲ. ಇವರು ತಮ್ಮ ಅಣ್ಣತಮ್ಮಂದಿರಿಗೆ, ನೆಂಟರಿಗೆ, ಪಕ್ಕದೂರಿನವರಿಗೆ ತಮ್ಮ ಮಾತಿನಲ್ಲೇ ಹೇಳಿದರು. ಬೈಗುಳ ಬಂತು, ಜಗಳ ಬಂತು, ಬಿಡಲಿಲ್ಲ. ಹತ್ತು ವರ್ಷ ಕಳೆದ ಮೇಲೆ ಬಾಸೆಲ್‌ನ ಒಬ್ಬ ಮಿಷನರಿ ಆ ಕಡೆ ಹೋಗಲು ಸಾಧ್ಯವಾಯಿತು. ಹೋಗಿ ನೋಡಿದರೆ ದೀಕ್ಷಾಸ್ನಾನಕ್ಕಾಗಿ ಜನ ಆಗಲೇ ಕಾಯುತ್ತಿದ್ದರು. ಸಭೆ ಅಲ್ಲಿ ಹುಟ್ಟಿಯಾಗಿತ್ತು. ಮಿಷನರಿ ಹೋದದ್ದು ಹುಟ್ಟಿದ ಕೂಸನ್ನು ನೋಡುವುದಕ್ಕೆ.

ಇವತ್ತು ನಾನು ಹೇಳಬೇಕೆಂದು ಬಂದದ್ದು ಈ ಒಂದು ಸಂಗತಿ. ಚೀನಾದಲ್ಲಿ ಸುವಾರ್ತೆ ಬೇರು ಬಿಟ್ಟದ್ದು ಅಲ್ಲಿನವರೇ ಒಬ್ಬರು ಅದನ್ನು ತಮ್ಮ ತಾಯಿಮಾತಿನಲ್ಲಿ ಮನೆಗೆ ಒಯ್ದಾಗ. ಹಾಗಾದರೆ ಹೊರಗಿನವನಿಗೆ ಅಲ್ಲಿ ಏನು ಕೆಲಸ? ಆ ತಾಯಿಮಾತನ್ನು ಗೌರವದಿಂದ ಕಲಿಯುವುದು, ನಿಜ ಹೇಳುವುದು, ಒಯ್ಯುವವರ ಬೆನ್ನಿಗೆ ನಿಲ್ಲುವುದು.

ತಾಯಿಮಾತಿನ ವಿಷಯದಲ್ಲಿ ಬಾಸೆಲ್‌ನವರನ್ನು ನಾನು ಮನಸಾರೆ ಮೆಚ್ಚುತ್ತೇನೆ. ಚೀನಾದಲ್ಲಿ ಓದು ಬರಹ ಎಂದರೆ ಪಂಡಿತರ ಗ್ರಂಥಭಾಷೆ. ಹಕ್ಕಾ ಮಾತು ಮನೆಯಲ್ಲಿ, ಗದ್ದೆಯಲ್ಲಿ, ಪೇಟೆಯಲ್ಲಿ ಆಡುವಂಥದ್ದು. ಅದರಲ್ಲಿ ಪುಸ್ತಕ ಬರೆಯುತ್ತಾರೆ ಎಂದರೆ ಓದಿದವರು ನಗುತ್ತಿದ್ದರು. ತುಳುವಿನಲ್ಲಿ ಪುಸ್ತಕವೇ ಎಂದು ನಮ್ಮಲ್ಲಿ ಕೇಳುತ್ತಿದ್ದ ಹಾಗೆ. ಹ್ಯಾಂಬರ್ಗ್ ಹಕ್ಕಾ ಪದಗಳನ್ನು ಕೂಡಿಸಿ ನಿಘಂಟು ಶುರು ಮಾಡಿದರು. ಅದು ಮುಗಿಯುವ ಮೊದಲೇ, 1854ರಲ್ಲಿ, ಹಾಂಗ್‌ಕಾಂಗ್‌ನಲ್ಲಿ ಕಾಯಿಲೆಯಿಂದ ತೀರಿಕೊಂಡರು. ವಯಸ್ಸು 35. ಕೆಲಸವನ್ನು ಲೆಖ್ಲರ್ ಮುಂದುವರಿಸಿದರು. ಲೆಖ್ಲರ್ ಮೊದಲು ಹೋಗಿದ್ದು ಬೇರೆ ಭಾಷೆಯ ಕರಾವಳಿಗೆ. ಅಲ್ಲಿನ ಅಧಿಕಾರಿಗಳು ಇರಗೊಡದೆ ಹೊರಡಿಸಿದ ಮೇಲೆ 1852ರಲ್ಲಿ ಹಕ್ಕಾ ಕಡೆ ಬಂದವರು. ಮತ್ತಾಯನ ಸುವಾರ್ತೆ 1860ರಲ್ಲಿ ಹಕ್ಕಾ ಮಾತಿನಲ್ಲಿ, ರೋಮನ್ ಅಕ್ಷರಗಳಲ್ಲಿ ಅಚ್ಚಾಯಿತು. ಅಚ್ಚಾದದ್ದು ಬರ್ಲಿನ್‌ನಲ್ಲಿ. 1883ರಲ್ಲಿ ಹೊಸ ಒಡಂಬಡಿಕೆ ಪೂರ್ತಿ ಬಂತು. ಸಾವಿರಾರು ಚೀನೀ ಅಕ್ಷರ ಕಲಿಯಲು ಪುರುಸೊತ್ತಿಲ್ಲದ ಹೆಂಗಸರು, ಮಕ್ಕಳು ರೋಮನ್ ಅಕ್ಷರ ಹಿಡಿದು ಕೆಲವೇ ತಿಂಗಳಲ್ಲಿ ಓದಬಹುದು ಎಂಬ ಆಸೆ ಅದರ ಹಿಂದಿತ್ತು. ಆದರೆ ಅಲ್ಲಿನ ಜನಕ್ಕೆ ತಮ್ಮ ಅಕ್ಷರವೆಂದರೆ ಅಭಿಮಾನ. ರೋಮನ್ ಪುಸ್ತಕ ಹಿಡಿದರೆ ಪರದೇಶಿ ಅಂದುಕೊಂಡಾರು ಎಂಬ ಅಳುಕು. ಕೊನೆಗೆ ಮಿಷನ್ನಿನವರೇ ಚೀನೀ ಅಕ್ಷರಗಳ ಕಡೆ ತಿರುಗಿದರು. ಜನರ ಮಾತು ಕೇಳಿ ದಾರಿ ಬದಲಾಯಿಸಿದ್ದೂ ಒಂದು ಒಳ್ಳೆಯ ಗುಣವೇ. ಲೆಖ್ಲರ್ ಅಲ್ಲಿದ್ದದ್ದು ಒಟ್ಟು 52 ವರ್ಷ. 1899ರಲ್ಲಿ ಊರಿಗೆ ಹೊರಟರು. ಕಿಟ್ಟೆಲರ ಕನ್ನಡ ನಿಘಂಟು ಅಚ್ಚಾಗಿ ಆಗ ಐದು ವರ್ಷವಾಗಿತ್ತು.

ತಾಯಿಮಾತು ತಲುಪದೆ ಹೋದಾಗ ಏನಾಗುತ್ತದೆ ಎಂಬುದಕ್ಕೂ ಹಕ್ಕಾ ನಾಡಿನಲ್ಲೇ ಉದಾಹರಣೆ ಇದೆ. ಹೊಂಗ್ ಶ್ಯೂಚ್ವಾನ್ ಎಂಬ ಹಕ್ಕಾ ಯುವಕ. ಹಳ್ಳಿಯ ಮೇಷ್ಟ್ರು. ಸರಕಾರಿ ಪರೀಕ್ಷೆ ಕಟ್ಟಲು ಗ್ವಾಂಗ್‌ಝೌ ಪೇಟೆಗೆ ಹೋದಾಗ, 1836ರಲ್ಲಿ, ಬೀದಿಯಲ್ಲಿ ಅವನ ಕೈಗೆ ಕ್ರೈಸ್ತ ಪುಸ್ತಕ ಬಂತು. ಬರೆದವರು ಲಿಯಾಂಗ್ ಫಾ. ಅಚ್ಚುಮನೆಯ ಕೆಲಸಗಾರರಾಗಿದ್ದು, 1816ರಲ್ಲಿ ಮಲಕ್ಕಾದಲ್ಲಿ ದೀಕ್ಷಾಸ್ನಾನ ಪಡೆದು ಸುವಾರ್ತಿಕರಾದವರು, ಬಹಳ ದೊಡ್ಡ ಮನುಷ್ಯ. ಪರೀಕ್ಷೆಯಲ್ಲಿ ಮತ್ತೆ ಮತ್ತೆ ಫೇಲಾದ ಹೊಂಗ್ ಕಾಯಿಲೆ ಬಿದ್ದ. ಜ್ವರದಲ್ಲಿ ದರ್ಶನಗಳು ಕಂಡವು. ವರ್ಷಗಳಾದ ಮೇಲೆ ಆ ಪುಸ್ತಕ ತೆರೆದು ಓದಿ, ದರ್ಶನಕ್ಕೂ ಪುಸ್ತಕಕ್ಕೂ ತಾನೇ ಗಂಟು ಹಾಕಿಕೊಂಡ. ತಾನು ಯೇಸುವಿನ ತಮ್ಮ ಎಂದು ನಂಬಿದ. 1847ರಲ್ಲಿ, ನೋಡಿ ಮತ್ತೆ ಅದೇ ವರ್ಷ, ಗ್ವಾಂಗ್‌ಝೌನ ಒಬ್ಬ ಅಮೆರಿಕನ್ ಮಿಷನರಿಯ ಹತ್ತಿರ ಸುಮಾರು ಎರಡು ತಿಂಗಳು ಕಲಿಯಲು ಹೋದ. ದೀಕ್ಷಾಸ್ನಾನ ಸಿಗಲಿಲ್ಲ. ಹೊರಟುಹೋದ. 1851ರಿಂದ 1864ರವರೆಗೆ ಚೀನಾದ ಚಕ್ರವರ್ತಿಯ ವಿರುದ್ಧ ನಡೆದ ತೈಪಿಂಗ್ ದಂಗೆ ಇವನದೇ. ಎರಡು ಕೋಟಿಗೂ ಜಾಸ್ತಿ ಜನ ಸತ್ತರು ಎಂದು ಚರಿತ್ರೆಕಾರರು ಅಂದಾಜು ಮಾಡುತ್ತಾರೆ. ಈ ಹೊಂಗ್‌ನ ಬಾಲ್ಯದ ಬಗ್ಗೆ ನಮಗೆ ಇಷ್ಟು ತಿಳಿದಿರುವುದೇ ಹ್ಯಾಂಬರ್ಗ್‌ರಿಂದ. ಹೊಂಗ್‌ನ ಸಂಬಂಧಿ ಹೊಂಗ್ ರೆನ್‌ಗಾನ್ ತಪ್ಪಿಸಿಕೊಂಡು ಅವರ ಹತ್ತಿರ ಬಂದಿದ್ದ. ಹ್ಯಾಂಬರ್ಗ್ ಅವನ ಮಾತು ಕೇಳಿ ಬರೆದುಕೊಂಡರು. ಸಾಯುವ ವರ್ಷ ಅದನ್ನು ಪುಸ್ತಕವಾಗಿ ತಂದರು.

ಆ ಎರಡು ತಿಂಗಳು ಇನ್ನೂ ಎರಡು ವರ್ಷವಾಗಿದ್ದರೆ, ಹೊಂಗ್‌ನ ಪ್ರಶ್ನೆಗಳನ್ನು ಅವನದೇ ಮಾತಿನಲ್ಲಿ ಕೂತು ಕೇಳುವವರಿದ್ದಿದ್ದರೆ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಉತ್ತರ ನನ್ನ ಹತ್ತಿರ ಇಲ್ಲ.

ಈಗ ಕಹಿಯಾದ ಒಂದು ಮಾತು. ಇದನ್ನು ಬಿಟ್ಟು ಚೀನಾದ ಮಿಷನ್ ಬಗ್ಗೆ ಮಾತಾಡಿದರೆ ತಪ್ಪಾಗುತ್ತದೆ. ಹಾಂಗ್‌ಕಾಂಗ್ ಬ್ರಿಟಿಷರ ಕೈಗೆ ಬಂದದ್ದು ಅಫೀಮು ಯುದ್ಧದಿಂದ, 1842ರ ನಾನ್ಜಿಂಗ್ ಒಪ್ಪಂದದಿಂದ. ಆ ಅಫೀಮು ಬೆಳೆದದ್ದು ಎಲ್ಲಿ? ನಮ್ಮ ದೇಶದಲ್ಲೇ. ಬಿಹಾರದಲ್ಲಿ, ಕಾಶಿಯ ಸುತ್ತ, ಮಾಳ್ವದಲ್ಲಿ. ಕಲ್ಕತ್ತಾ, ಬೊಂಬಾಯಿ ಬಂದರಿನಿಂದ ಪೆಟ್ಟಿಗೆಗಟ್ಟಲೆ ಹೋಯಿತು. ಗುಟ್ಜ್‌ಲಾಫ್ 1830ರ ದಶಕದಲ್ಲಿ ಅಫೀಮು ಹಡಗಿನಲ್ಲಿ ದುಭಾಷಿಯಾಗಿ ಹೋದರು. ಆ ಪ್ರಯಾಣದಲ್ಲೇ ಧರ್ಮದ ಪುಸ್ತಕವನ್ನೂ ಹಂಚಿದರು. ಒಂದೇ ಹಡಗು. ಒಂದು ಕಡೆಯಿಂದ ವಿಷ, ಇನ್ನೊಂದು ಕಡೆಯಿಂದ ಸತ್ಯವೇದ. ದಡದಲ್ಲಿ ನಿಂತ ಚೀನೀಯರಿಗೆ ಏನು ಅನಿಸಿರಬೇಡ? ಮಿಷನರಿಗಳು ಒಳನಾಡಿಗೆ ಹೋಗಲು ದಾರಿಯಾದದ್ದೂ ಯುದ್ಧದ ಬೆನ್ನಿಗೆ ಬಂದ 1858ರ ಒಪ್ಪಂದಗಳಿಂದ. ಅಫೀಮಿಗೆ ಕಾನೂನಿನ ಒಪ್ಪಿಗೆ ಸಿಕ್ಕಿದ್ದೂ ಆ ವರ್ಷವೇ. ‘ಒಬ್ಬ ಕ್ರೈಸ್ತ ಹೆಚ್ಚಾದರೆ ಒಬ್ಬ ಚೀನೀಯ ಕಡಿಮೆ’ ಎಂಬ ಮಾತು ಆ ನಾಡಿನಲ್ಲಿ ಹುಟ್ಟಿತು. 1900ರ ಬಾಕ್ಸರ್ ದಂಗೆಯಲ್ಲಿ ಆ ಸಿಟ್ಟು ಸಿಡಿದಾಗ ಮಿಷನರಿಗಳೂ ಸತ್ತರು. ಅವರಿಗಿಂತ ಎಷ್ಟೋ ಪಟ್ಟು ಜಾಸ್ತಿ ಸತ್ತವರು ಚೀನೀ ಕ್ರೈಸ್ತರು, ಸಾವಿರಾರು ಜನ.

ಇನ್ನೊಂದು ತೊಡಕು ಮನೆಯೊಳಗಿನದ್ದು. ಹಿರಿಯರ ಪೂಜೆ. ಚೀನೀ ಮನೆಯಲ್ಲಿ ತೀರಿಹೋದ ಅಜ್ಜ ಅಜ್ಜಿಯರ ಹೆಸರಿನ ಫಲಕ ಇರುತ್ತದೆ. ಊದುಬತ್ತಿ ಹಚ್ಚುತ್ತಾರೆ, ವಸಂತದಲ್ಲಿ ಸಮಾಧಿ ಗುಡಿಸಿ ಊಟ ಇಡುತ್ತಾರೆ. ಇದು ದೇವರ ಪೂಜೆಯೋ, ಹಿರಿಯರಿಗೆ ಮರ್ಯಾದೆಯೋ? ಮತ್ತೆಯೊ ರಿಚ್ಚಿ ಇದನ್ನು ಮರ್ಯಾದೆ ಎಂದೇ ತಿಳಿದರು. ಅವರು ಗೋವಾದಲ್ಲಿ ಓದಿ, 1580ರಲ್ಲಿ ಕೊಚ್ಚಿಯಲ್ಲಿ ಗುರುದೀಕ್ಷೆ ಪಡೆದು, ನಮ್ಮ ಪಡುವಣ ಕರಾವಳಿಯಿಂದಲೇ ಚೀನಾಕ್ಕೆ ಹೋದ ಜೆಸ್ಯುಯಿಟ್ ಸಂಘದ ಕ್ಯಾಥೊಲಿಕ್ ಪಾದ್ರಿ. ಚೀನೀ ಪಂಡಿತರ ಉಡುಪು ತೊಟ್ಟರು, ಅವರ ಗ್ರಂಥ ಓದಿದರು, 1601ರಲ್ಲಿ ಬೀಜಿಂಗ್ ಸೇರಿದರು. ಅವರು ಹೋದ ಮೇಲೆ ನೂರು ವರ್ಷ ಜಗಳ ನಡೆದು ಪೋಪರು ಆ ಆಚರಣೆಗಳನ್ನು ನಿಷೇಧಿಸಿದರು. ಅದಕ್ಕೆ ಕಾಂಗ್‌ಶಿ ಚಕ್ರವರ್ತಿ ಮಿಷನರಿಗಳ ಸಾರುವಿಕೆಯನ್ನೇ ನಿಷೇಧಿಸಿದ. ರೋಮಿನ ನಿಷೇಧ ಸಡಿಲವಾದದ್ದು 1939ರಲ್ಲಿ.

ಬಾಸೆಲ್‌ನವರು ಈ ವಿಷಯದಲ್ಲಿ ಬಹಳ ಬಿಗಿ. ಫಲಕ ತೆಗೆಯಲೇಬೇಕು ಎಂದರು. ಹಾಗೆ ತೆಗೆದವನನ್ನು ಕುಲದವರು ಹೊರಗಿಟ್ಟರು, ಕುಲದ ಆಸ್ತಿಯಲ್ಲಿ ಪಾಲು ತಪ್ಪಿತು. ನಮ್ಮ ಅಜ್ಜಂದಿರಿಗೂ ಇದೇ ಆಯಿತಲ್ಲ? ಜಾತಿಯವರು ಬಿಟ್ಟರು, ಕಸುಬು ಹೋಯಿತು. ಅದಕ್ಕೇ ಇಲ್ಲಿ ನೇಯ್ಗೆ, ಹಂಚು ಶುರುವಾದದ್ದು. ಹಕ್ಕಾ ಕ್ರೈಸ್ತರಿಗೆ ಸಿಕ್ಕಿದ ದಾರಿ ಸಮುದ್ರ. 1882ರಿಂದ ಹಕ್ಕಾ ಕ್ರೈಸ್ತ ಕುಟುಂಬಗಳು ಬೋರ್ನಿಯೋದ ಉತ್ತರಕ್ಕೆ ಹೊರಟವು. ಲೆಖ್ಲರ್ ಅದಕ್ಕೆ ನೆರವಾದರು. ಹೋದವರು ಕಾಡು ಕಡಿದು ತೋಟ ಮಾಡಿದರು. ತಾವೇ ಕೂಡಿ ಪ್ರಾರ್ಥನೆ ಮಾಡಿದರು. ಇವತ್ತಿನ ಮಲೇಷ್ಯಾದ ಸಬಾ ರಾಜ್ಯ ಅದು.

ಅಲ್ಲಿಗೆ ನಾನು ಹೋಗಿದ್ದೆ. ಮಗಳು ಸಿಂಗಾಪುರದಲ್ಲಿದ್ದಾಗ ರಜೆಗೆ ಕೋಟಾ ಕಿನಬಾಲುಗೆ ಕರೆದುಕೊಂಡು ಹೋದಳು. ರಸ್ತೆ ಬದಿಯ ಚರ್ಚಿನ ಬೋರ್ಡಿನಲ್ಲಿ ‘ಬಾಸೆಲ್’ ಎಂದು ಕಂಡಿತು. ಕಾರು ನಿಲ್ಲಿಸು ಎಂದೆ. ಬಾಗಿಲಲ್ಲಿದ್ದ ಒಬ್ಬ ಅಜ್ಜಿಗೆ ನನ್ನ ಹರಕು ಇಂಗ್ಲಿಷಿನಲ್ಲಿ, ನಾನೂ ಬಾಸೆಲ್, ಇಂಡಿಯಾದ ಬಾಸೆಲ್ ಎಂದೆ. ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ನನ್ನ ಎರಡೂ ಕೈ ಹಿಡಿದುಕೊಂಡರು. ಒಳಗೆ ಕೂರಿಸಿ ಚಹಾ ಕೊಟ್ಟರು. ಅವರು ಕರ್ತನ ಪ್ರಾರ್ಥನೆಯನ್ನು ಹಕ್ಕಾದಲ್ಲಿ ಹೇಳಿದರು. ನಾನು ತುಳುವಿನಲ್ಲಿ ಹೇಳಿದೆ. ಮಗಳು ಇಬ್ಬರನ್ನೂ ನೋಡುತ್ತ ನಿಂತಿದ್ದಳು. ಆ ಸಭೆ 1925ರಲ್ಲೇ ಸ್ವತಂತ್ರವಾಗಿ ನಿಂತದ್ದು. ಈಗ ಅಲ್ಲಿ ಮಲಯ್ ಭಾಷೆಯಲ್ಲೂ ಆರಾಧನೆ ನಡೆಯುತ್ತದೆ. ಅಲ್ಲಿನ ಮೂಲನಿವಾಸಿಗಳೂ ಸಭೆಯಲ್ಲಿದ್ದಾರೆ. ಅತಿಥಿ ಎನಿಸಿಕೊಂಡವರು ಈಗ ಬೇರೆಯವರಿಗೆ ಜಾಗ ಮಾಡಿಕೊಟ್ಟಿದ್ದಾರೆ.

ಚೀನಾದೊಳಗಿನ ಕಥೆ ನಿಮಗೆ ಸ್ವಲ್ಪ ಗೊತ್ತಿರುತ್ತದೆ. 1949ರ ಕಮ್ಯುನಿಸ್ಟ್ ಕ್ರಾಂತಿಯಾಗಿ ಎರಡು ಮೂರು ವರ್ಷದಲ್ಲಿ ಮಿಷನರಿಗಳೆಲ್ಲ ಹೊರಗೆ ಬಂದರು. ಆಗ ಪ್ರೊಟೆಸ್ಟೆಂಟರು ಹೆಚ್ಚೆಂದರೆ ಹತ್ತು ಲಕ್ಷ. 1966ರಲ್ಲಿ ಶುರುವಾದ ಸಾಂಸ್ಕೃತಿಕ ಕ್ರಾಂತಿಯಲ್ಲಿ ಚರ್ಚುಗಳೆಲ್ಲ ಮುಚ್ಚಿದವು. 1979ರಿಂದ ಒಂದೊಂದಾಗಿ ತೆರೆದವು. 2018ರಲ್ಲಿ ಚೀನಾ ಸರಕಾರ ತಾನೇ ಕೊಟ್ಟ ಲೆಕ್ಕದಂತೆ ಪ್ರೊಟೆಸ್ಟೆಂಟರು 3 ಕೋಟಿ 80 ಲಕ್ಷಕ್ಕೂ ಹೆಚ್ಚು. ಸರಕಾರದ ಪಟ್ಟಿಗೆ ಸೇರದೆ ಮನೆಗಳಲ್ಲಿ ಕೂಡುವವರು ಬೇರೆ. ಅವರಿಗೆ ಕಷ್ಟ ಈಗಲೂ ಇದೆ, ಜೈಲು ಸೇರಿದ ಸಭಾಪಾಲಕರಿದ್ದಾರೆ. ಅವರಿಗಾಗಿ ನಾನು ಪ್ರಾರ್ಥಿಸುತ್ತೇನೆ. ಆದರೆ ಬೆಳೆದದ್ದು ಯಾವಾಗ ನೋಡಿ. ಹೊರಗಿನವರು ಹೊರಟುಹೋದ ಮೇಲೆ. ಝಾಂಗ್ ಫೂಶಿಂಗ್ ಅವರಂಥ ಹೆಸರಿಲ್ಲದ ಎಷ್ಟು ಜನ ಒಳಗೊಳಗೇ ಹೊತ್ತು ನಡೆದಿರಬೇಕು!

ಮಾತು ಮುಗಿದ ಮೇಲೆ ಪಿಯುಸಿ ಓದುವ ಹುಡುಗಿಯೊಬ್ಬಳು ಎದ್ದು ಕೇಳಿದಳು: “ಸರ್, ಹಾಗಾದ್ರೆ ಚೀನೀಯರಿಗಾಗಿ ನಾವು ಮಾಡುವಂಥದ್ದು ಏನೂ ಇಲ್ವಾ?”

ಒಳ್ಳೆಯ ಪ್ರಶ್ನೆ. ಅವಳಿಗೆ ನಾನು 1962ರ ಬಗ್ಗೆ ಹೇಳಿದೆ. ಚೀನಾದ ಜೊತೆ ಯುದ್ಧವಾದಾಗ ಅಸ್ಸಾಂ, ಡಾರ್ಜಿಲಿಂಗ್ ಕಡೆಯ ಚೀನೀ ಮೂಲದ ಸುಮಾರು ಮೂರು ಸಾವಿರ ಜನರನ್ನು ರೈಲಿಗೆ ಹತ್ತಿಸಿ ರಾಜಸ್ಥಾನದ ದೇವ್ಲಿಯ ಶಿಬಿರದಲ್ಲಿ ಕೂಡಿಹಾಕಿದರು. ಮಕ್ಕಳು, ಮುದುಕರು, ಇಲ್ಲೇ ಹುಟ್ಟಿದವರು. ಕೆಲವರು ವರ್ಷಗಟ್ಟಲೆ ಅಲ್ಲಿದ್ದರು. ಬಿಡುಗಡೆಯಾಗಿ ಬಂದರೆ ಮನೆ, ಅಂಗಡಿ ಹರಾಜಾಗಿತ್ತು. ಎಷ್ಟೋ ಜನ ದೇಶವನ್ನೇ ಬಿಟ್ಟು ಕೆನಡಾಕ್ಕೆ ಹೋದರು. ಉಳಿದವರಲ್ಲಿ ಹಕ್ಕಾ ಜನ ಕೋಲ್ಕತ್ತಾದ ತಂಗ್ರಾದಲ್ಲಿ ಇನ್ನೂ ಇದ್ದಾರೆ. ಚರ್ಮ ಹದ ಮಾಡುವ ಕೆಲಸ ಮಾಡುತ್ತಿದ್ದವರು, ಈಗ ಹೋಟೆಲು ನಡೆಸುವವರು. ಅವರಲ್ಲಿ ಕ್ರೈಸ್ತರೂ ಇದ್ದಾರೆ, ಅವರದೇ ಚೀನೀ ಸಭೆ ಇದೆ. ಅವರು ನಮ್ಮ ದೇಶದವರು. ಅವರನ್ನು ಕರೆದೊಯ್ದ ದಿನ ನಾವು ಯಾರೂ ಕೇಳಲಿಲ್ಲ.

ಬರುವ ದಸರಾ ರಜೆಯಲ್ಲಿ ಕೋಲ್ಕತ್ತಾಕ್ಕೆ ಹೋಗಲು ನಾಲ್ಕು ಜನ ಈಗಾಗಲೇ ಹೆಸರು ಕೊಟ್ಟಿದ್ದಾರೆ, ಆ ಹುಡುಗಿಯೂ ಅವಳ ತಾಯಿಯೂ ಸೇರಿ. ಒಂದು ಭಾನುವಾರ ಅವರ ಆರಾಧನೆಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಬರುತ್ತೇವೆ. ಅವರು ಮಾತಾಡಿದರೆ ಕೇಳಿಸಿಕೊಳ್ಳುತ್ತೇವೆ. ಬರುವ ಮನಸ್ಸಿದ್ದವರು ನನಗೆ ತಿಳಿಸಿ, ರೈಲಿನ ಟಿಕೆಟ್ ಒಟ್ಟಿಗೇ ಮಾಡಿಸಬೇಕು.